ಮೊಣಕಾಲೆತ್ತರದ ಕಣ್ಣು

ಗ್ವಾಯಾಕಿಲ್ ನಗರದ ಉತ್ತರದ ಅಂಚಿನಲ್ಲಿರುವ ಲಾಸ್ ಇಗ್ವಾನಾಸ್ ಬಡಾವಣೆಯಲ್ಲಿ ಮನೆಗಳು ಇಪ್ಪತ್ತೆರಡು, ಗೇಟು ಒಂದು, ಆ ಒಂದು ಗೇಟಿಗೆ ಒಬ್ಬ ಅಧ್ಯಕ್ಷರು. ಹಿರಿಯ ಗಂಡಸರಿಗೆ ದೋನ್, ಹೆಂಗಸರಿಗೆ ದೋನ್ಯಾ ಎನ್ನುವುದು ಅಲ್ಲಿಯ ಮರ್ಯಾದೆ. ಅಧ್ಯಕ್ಷರ ಹೆಸರು ದೋನ್ ಎರಿಬೆರ್ತೊ ಕಿಮಿ. ನೋಟರಿಯೊಬ್ಬರ ಕಚೇರಿಯಲ್ಲಿ ಮೂವತ್ತೊಂದು ವರ್ಷ ಬೇರೆಯವರ ಸಹಿಯ ಪಕ್ಕದಲ್ಲಿ ಮೊಹರು ಒತ್ತಿ ನಿವೃತ್ತರಾದವರು. ಇಷ್ಟು ಕಾಲ ಮೊಹರು ಒತ್ತಿದ ಮನುಷ್ಯನಿಗೆ, ತನ್ನ ಬಾಯಿಂದ ಹೊರಡುವ ಮಾತೆಲ್ಲ ಮೊಹರು ಬಿದ್ದೇ ಹೊರಡುತ್ತದೆ ಎಂಬ ಭಾವನೆ ಬಂದರೆ ಅದು ಅವನ ತಪ್ಪಲ್ಲ. ಮಳೆ ಯಾವತ್ತು ಬರುತ್ತದೆ, ಅಧಿಕ ರಕ್ತದೊತ್ತಡಕ್ಕೆ ಯಾವ ಬಾಳೆಹಣ್ಣು ಒಳ್ಳೆಯದು, ಚೀನಾದವರು ಬೆಳಗಿನ ತಿಂಡಿಗೆ ಏನು ತಿನ್ನುತ್ತಾರೆ, ಏನೇ ಕೇಳಿ, ದೋನ್ ಎರಿಬೆರ್ತೊ ಉತ್ತರ ಕೊಡುತ್ತಿದ್ದರು. ಕೇಳದಿದ್ದರೂ ಕೊಡುತ್ತಿದ್ದರು.

ಬಡಾವಣೆಯ ಗೇಟು ಹಳಿಯ ಮೇಲೆ ಪಕ್ಕಕ್ಕೆ ಸರಿಯುವ ಕಬ್ಬಿಣದ ಗೇಟು. ಕಾವಲುಗಾರ ವಾಷಿಂಗ್ಟನ್ ತುಂಬಾಕೊ ರಿಮೋಟಿನ ಗುಂಡಿ ಒತ್ತಿದರೆ ತೆರೆಯುತ್ತಿತ್ತು. ತೆರೆದು ಅರ್ಧ ನಿಮಿಷವಾದ ಮೇಲೆ ಯಾರ ಅಪ್ಪಣೆಗೂ ಕಾಯದೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಮುಚ್ಚಿಕೊಳ್ಳುವಾಗ ನಡುವೆ ಏನಿದೆ, ಯಾರಿದ್ದಾರೆ ಎಂದು ನೋಡುವ ಅಭ್ಯಾಸ ಮಾತ್ರ ಅದಕ್ಕಿರಲಿಲ್ಲ.

ಫೆಬ್ರವರಿಯಲ್ಲಿ ಒಂಬತ್ತನೇ ಮನೆಯ ದೋನ್ ಕ್ಲಿಮಾಕೊ ಬಾಲೊನ್ ಮಗಳ ಹದಿನೈದು ತುಂಬಿದ ಹುಟ್ಟುಹಬ್ಬಕ್ಕೆ ಮೂರಂತಸ್ತಿನ ಕೇಕನ್ನು ಎರಡೂ ಕೈಯಲ್ಲಿ ಹೊತ್ತು, ಅಲ್ಲಾಡಬಾರದೆಂದು ಗೇಟಿನ ನಡುವೆ ಅಂಗುಲ ಅಂಗುಲವಾಗಿ ಹೆಜ್ಜೆ ಇಡುತ್ತಿದ್ದರು. ಅರ್ಧ ನಿಮಿಷವಾಯಿತು. ಗೇಟು ಬಂದು ಕೇಕನ್ನು ಪಕ್ಕದಿಂದ ಒತ್ತಿತು. ಮೂರಂತಸ್ತಿನ ಕೇಕು ಐದಂತಸ್ತಾಗಿ ಎದ್ದು ದೋನ್ ಕ್ಲಿಮಾಕೊ ಅವರ ಹುಬ್ಬಿನವರೆಗೆ ಬಂತು. ಆ ಮುಖ ಹೊತ್ತುಕೊಂಡೇ ಅವರು ನೇರ ಅಧ್ಯಕ್ಷರ ಮನೆಗೆ ಹೋದರು.

"ನೋಡಿ ದೋನ್ ಎರಿಬೆರ್ತೊ! ನಿಮ್ಮ ಗೇಟಿಗೆ ಕಣ್ಣಿಲ್ವಾ?"

"ಇಲ್ಲ," ಎಂದರು ಅಧ್ಯಕ್ಷರು ಗಂಭೀರವಾಗಿ. "ಹಾಕಿಸೋಣ."

ಹಾಗೆ ಕಣ್ಣು ಹಾಕಿಸುವ ತೀರ್ಮಾನವಾಯಿತು.

ಸೋಮವಾರ ಬೆಳಿಗ್ಗೆ ಗೇಟಿನ ಮೆಕ್ಯಾನಿಕ್ಕು ನಿಕ್ಸನ್ ಯಾಗ್ವಾಲ್ ಮೋಟಾರ್ ಸೈಕಲ್ ಮೇಲೆ ಬಂದ. ಸಾಬೂನಿನ ಗಾತ್ರದ ಎರಡು ಕಪ್ಪು ಡಬ್ಬಿಗಳನ್ನು ಗೇಟಿನ ಎರಡು ಕಂಬಗಳಿಗೆ ಎದುರುಬದುರಾಗಿ, ಮೊಣಕಾಲಿನ ಎತ್ತರಕ್ಕೆ ಕೂರಿಸತೊಡಗಿದ. ಬಡಾವಣೆಯಲ್ಲಿ ಯಾರಾದರೂ ಗೋಡೆಗೆ ಮೊಳೆ ಹೊಡೆದರೂ ನೋಡಲು ನಿಲ್ಲುವ ಜನ. ಕಣ್ಣು ಹಾಕಿಸುತ್ತಿದ್ದಾರೆಂದರೆ ಕೇಳಬೇಕೆ? ಇಪ್ಪತ್ತು ಮಂದಿ ಸೇರಿದರು. ಎಲ್ಲರಿಗಿಂತ ಮುಂದೆ, ಪ್ಲಾಸ್ಟಿಕ್ ಕುರ್ಚಿ ಸಮೇತ ಬಂದವರು ನಾಲ್ಕನೇ ಮನೆಯ ದೋನ್ಯಾ ಮೆಲಾನಿಯಾ ಪೊಸ್ಲಿಗ್ವಾ. ಎಪ್ಪತ್ತೆರಡು ವಯಸ್ಸು. ಅರ್ಧ ಗ್ವಾಯಾಕಿಲ್ಲಿನ ಮದುವಣಗಿತ್ತಿಯರಿಗೆ ಲಂಗ ಹೊಲಿದವರು. ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಬಲಮಂಡಿ ಆರು ವರ್ಷದಿಂದ ಮುಷ್ಕರ ಹೂಡಿತ್ತು. ಕೋಲಿಲ್ಲದೆ ಹೆಜ್ಜೆ ಎತ್ತುತ್ತಿರಲಿಲ್ಲ.

"ಈ ಡಬ್ಬಿಯಿಂದ ಆ ಡಬ್ಬಿಗೆ ಒಂದು ಕಿರಣ ಹೋಗ್ತಿರುತ್ತೆ," ಎಂದು ನಿಕ್ಸನ್ ವಿವರಿಸಿದ. "ನಡುವೆ ಮನುಷ್ಯ ಬರ್ಲಿ, ನಾಯಿ ಬರ್ಲಿ, ಕೇಕ್ ಬರ್ಲಿ, ಕಿರಣ ತುಂಡಾಗುತ್ತೆ. ತುಂಡಾದ ತಕ್ಷಣ ಗೇಟು ನಿಂತು ವಾಪಸ್ ಹೋಗುತ್ತೆ. ದಾರಿ ಖಾಲಿ ಆಗೋವರೆಗೂ ಮುಚ್ಚಲ್ಲ."

"ಎಲ್ಲಪ್ಪಾ ಕಿರಣ? ಏನೂ ಕಾಣ್ತಾನೇ ಇಲ್ವಲ್ಲ," ಎಂದರು ದೋನ್ಯಾ ಮೆಲಾನಿಯಾ.

ನಿಕ್ಸನ್ ಬಾಯಿ ತೆರೆದ. ಆದರೆ ಅಧ್ಯಕ್ಷರಿರುವಾಗ ಮೆಕ್ಯಾನಿಕ್ಕು ಉತ್ತರ ಹೇಳುವುದೆಂದರೇನು? ಡಬ್ಬಿಯ ರಟ್ಟಿನ ಮೇಲಿದ್ದ ಒಂದು ಪದವನ್ನು ದೋನ್ ಎರಿಬೆರ್ತೊ ಆಗಲೇ ಓದಿಕೊಂಡಿದ್ದರು.

"ಕಾಣಬಾರದು ದೋನ್ಯಾ. ಇದು ಇನ್ಫ್ರಾರೆಡ್!"

"ಇನ್ಫ್ರಾರೆಡ್ಡಾ? ಆಸ್ಪತ್ರೇಲಿ ನನ್ನ ಮಂಡಿಗೆ ದೀಪ ಬಿಡ್ತಿದ್ರಲ್ಲ, ಅದಕ್ಕೂ ಹಾಗೇ ಅಂತಿದ್ರು. ಅದೇನಾ ಇದು?"

ನಿಕ್ಸನ್ ಆಗ ಕಂಬಕ್ಕೆ ತೂತು ಕೊರೆಯುತ್ತಿದ್ದ. ಡ್ರಿಲ್ಲಿನ ಸದ್ದಿನಲ್ಲಿ ಅವನಿಗೆ ಪ್ರಶ್ನೆಯೂ ಕೇಳಲಿಲ್ಲ, ಉತ್ತರವೂ ಕೇಳಲಿಲ್ಲ.

"ಅದೇ!" ಎಂದು ದೋನ್ ಎರಿಬೆರ್ತೊ ಕೂಗಿ ಹೇಳಿದರು. "ಅದೇ ವಂಶ. ಆದ್ರೆ ಅದು ಬರೀ ಕಾಲು ಕಾಯಿಸೋ ದೀಪ. ಇದು ನೋಡಿ, ಒಂದೂವರೆ ಟನ್ ಕಬ್ಬಿಣಾನ ನಿಲ್ಸುತ್ತೆ. ಶಕ್ತಿ ಎಷ್ಟಿರಬೇಕು, ನೀವೇ ಲೆಕ್ಕ ಹಾಕಿ!"

ದೋನ್ಯಾ ಮೆಲಾನಿಯಾ ಲೆಕ್ಕ ಹಾಕಿದರು.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅವರು ಗೇಟಿನ ಬಳಿ ಬಂದು, ಎರಡು ಕಂಬಗಳ ನಡುವೆ ನಿಂತು, ಲಂಗವನ್ನು ಮರ್ಯಾದೆ ಕೆಡದಷ್ಟು ಎತ್ತಿ, ಬಲಮಂಡಿಯನ್ನು ಸರಿಯಾಗಿ ಡಬ್ಬಿಯ ಎದುರಿಗೆ ಹಿಡಿದು ಕಣ್ಣು ಮುಚ್ಚಿಕೊಂಡರು. ಗೇಟು ಮುಚ್ಚಲು ಹೊರಟಿತು, ನಿಂತಿತು, ವಿನಯದಿಂದ ಹಿಂದೆ ಸರಿಯಿತು.

"ದೋನ್ಯಾ, ಯಾರಿಗಾದ್ರೂ ಕಾಯ್ತಿದೀರಾ?" ಎಂದು ವಾಷಿಂಗ್ಟನ್ ತನ್ನ ಕಾವಲು ಗೂಡಿನಿಂದ ಕೂಗಿ ಕೇಳಿದ.

"ಸುಮ್ನಿರಪ್ಪ. ಹತ್ತು ನಿಮಿಷ."

ಹತ್ತು ನಿಮಿಷದ ಮೇಲೆ ದೋನ್ಯಾ ಮೆಲಾನಿಯಾ ಕಣ್ಣು ತೆರೆದರು. ಕಾಲು ಮಡಚಿದರು. ಬಿಡಿಸಿದರು. ಮತ್ತೊಮ್ಮೆ ಮಡಚಿದರು. ಕೋಲನ್ನು ಗೇಟಿಗೆ ಒರಗಿಸಿ ಮನೆಯವರೆಗೆ ನಡೆದುಹೋದರು. ಹೋದವರು ನಾಲ್ಕನೇ ಮನೆಯನ್ನು ದಾಟಿ, ಇಪ್ಪತ್ತೆರಡನೆಯ ಮನೆಯವರೆಗೂ ಹೋಗಿ, ಪ್ರತಿಯೊಂದು ಬಾಗಿಲು ತಟ್ಟಿ ಕಾಲು ಮಡಚಿ ತೋರಿಸಿ ಬಂದರು.

ವೈದ್ಯರನ್ನು ಕೇಳಿದ್ದರೆ, ಆರು ವರ್ಷ ಕುರ್ಚಿಯಲ್ಲೇ ಕೂತ ಮುದುಕಿ ಬೆಳಗಿನ ಬಿಸಿಲಿನಲ್ಲಿ ಹತ್ತು ನಿಮಿಷ ನಿಂತರೆ ಮಂಡಿ ಸ್ವಲ್ಪ ಸಡಿಲವಾಗುವುದು ಸಹಜ ಎನ್ನುತ್ತಿದ್ದರು. ವೈದ್ಯರನ್ನು ಯಾರೂ ಕೇಳಲಿಲ್ಲ. ಅಧ್ಯಕ್ಷರನ್ನು ಕೇಳಿದರು.

"ನಾನು ನಿನ್ನೆಯೇ ಹೇಳಿರಲಿಲ್ವಾ?" ಎಂದರು ದೋನ್ ಎರಿಬೆರ್ತೊ.

ಬುಧವಾರ ಗೇಟಿನಲ್ಲಿ ಏಳು ಜನ. ಗುರುವಾರ ಹತ್ತೊಂಬತ್ತು. ಶುಕ್ರವಾರ ಪಕ್ಕದ ಬಡಾವಣೆಯವರು ಬಂದರು. ಮಂಡಿಯವರದು ಸುಖ, ಕಣ್ಣು ಇದ್ದದ್ದೇ ಮಂಡಿಯ ಎತ್ತರಕ್ಕೆ. ಉಳಿದವರು ತಮ್ಮ ತಮ್ಮ ಕಾಯಿಲೆಯನ್ನು ಆ ಎತ್ತರಕ್ಕೆ ಇಳಿಸಬೇಕಿತ್ತು. ಸೊಂಟದವರು ಕುಕ್ಕರುಗಾಲಲ್ಲಿ ಕೂತರು. ಮೊಣಕೈಯವರು ನೆಲದ ಮೇಲೆ ಪಕ್ಕಕ್ಕೆ ಒರಗಿದರು. ಹಲ್ಲುನೋವಿನ ಟ್ಯಾಕ್ಸಿ ಡ್ರೈವರೊಬ್ಬ ಹೊಟ್ಟೆಯ ಮೇಲೆ ಮಲಗಿ, ಎರಡು ಇಟ್ಟಿಗೆಯ ಮೇಲೆ ಗಲ್ಲವಿಟ್ಟು, ಬಾಯಿ ಅಗಲ ತೆರೆದು ಕಿರಣ ಒಳಗೆ ತಗೊಂಡ. ಶನಿವಾರ ನಿವೃತ್ತ ಆಟಗಾರರ ಫುಟ್‌ಬಾಲ್ ತಂಡವೊಂದು ಪೂರ್ತಿ ಬಂತು: ಹನ್ನೊಂದು ಜನ, ಇಪ್ಪತ್ತೆರಡು ಮಂಡಿ, ಜೊತೆಗೆ ಬದಲಿ ಆಟಗಾರರು.

ಮುಖ್ಯರಸ್ತೆಯ ಬಸ್ಸಿನವರು ಬಡಾವಣೆಯ ಹೆಸರನ್ನೇ ಬಿಟ್ಟುಬಿಟ್ಟರು. "ಮಂಡಿ! ಮಂಡಿ ಇಳಿಯೋರು ಮುಂದೆ ಬನ್ನಿ!" ಎಂದು ಕೂಗುತ್ತಿದ್ದರು. ಮರಗೆಣಸಿನ ಬ್ರೆಡ್ಡು ಮಾರುವವಳು ಗೇಟಿನ ಎಡಕ್ಕೆ ಒಲೆ ಹೂಡಿದಳು, ಎಳನೀರಿನವನು ಬಲಕ್ಕೆ ಕೊಡೆ ನೆಟ್ಟ. ವಾಷಿಂಗ್ಟನ್ ಹನ್ನೆರಡು ವರ್ಷದ ಕಾವಲುಗಾರಿಕೆಯಲ್ಲಿ ಮೊದಲ ಬಾರಿಗೆ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಸಿದ.

"ಸಾಲಾಗಿ ಬನ್ನಿ, ಸಾಲಾಗಿ! ಮಂಡಿ ಒಂದು ಕಡೆ, ಬೆನ್ನು ಒಂದು ಕಡೆ! ಏನಮ್ಮಾ ನಿಮ್ದು? ತಲೆಸುತ್ತಾ? ತಲೆಸುತ್ತಿಗೆ ಸಂಜೆ ಬನ್ನಿ, ಬಿಸಿಲಲ್ಲಿ ಬಗ್ಗಿದ್ರೆ ಇನ್ನೂ ಜಾಸ್ತಿ ಆಗುತ್ತೆ!"

ದೋನ್ ಎರಿಬೆರ್ತೊ ದಿನಕ್ಕೆ ಎರಡು ಬಾರಿ ಬಿಳಿ ಅಂಗಿ ತೊಟ್ಟು ಬಂದು ಸಾಲಿನ ಉದ್ದಕ್ಕೂ ನಡೆಯುತ್ತಿದ್ದರು. ಕಿರಣ ಮೂಳೆಯೊಳಗೆ ಹೇಗೆ ಇಳಿಯುತ್ತದೆ, ಇಳಿದು ಎಲ್ಲಿ ತಿರುಗುತ್ತದೆ ಎಂದು ವಿವರಿಸುತ್ತಿದ್ದರು. ಅವರ ಹೆಂಡತಿ ದೋನ್ಯಾ ಅಸುಸೇನಾಗೆ ಮಾತ್ರ ಇದೊಂದೂ ಹಿಡಿಸಲಿಲ್ಲ.

"ರೀ, ಗೇಟು ಬೆಳಿಗ್ಗೆಯಿಂದ ಸಂಜೆವರೆಗೂ ತೆರೆದೇ ಇರುತ್ತಲ್ರೀ. ಮತ್ತೆ ಗೇಟು ಯಾಕೆ?"

"ವಿಜ್ಞಾನ ಅಂದ್ಮೇಲೆ ಸ್ವಲ್ಪ ತೊಂದರೆ ಆಗುತ್ತೆ ಅಸುಸೇನಾ."

ತೊಂದರೆ ಎರಡನೇ ವಾರ ಆಯಿತು. ತೆರೆದ ಗೇಟಿನೊಳಗೆ ಮೊದಲು ನಾಯಿಗಳು ಬಂದವು, ಆಮೇಲೆ ಹಾಸಿಗೆ ಮಾರುವವರು, ಆಮೇಲೆ ಮನೆ ಮನೆ ತಟ್ಟಿ ಪ್ರಳಯ ಹತ್ತಿರ ಬಂತೆಂದು ಎಚ್ಚರಿಸುವವರು. ಕೊನೆಗೆ ಯಾರೋ ಒಬ್ಬ ಬಂದು, ದೋನ್ ಕ್ಲಿಮಾಕೊ ಅವರ ಅಡುಗೆಮನೆಯ ಹಿಂದಿದ್ದ ಗ್ಯಾಸ್ ಸಿಲಿಂಡರನ್ನು ಬೆನ್ನ ಮೇಲೆ ಹೊತ್ತು, ಹಾಡಹಗಲೇ ಗೇಟಿನ ಮೂಲಕವೇ ಹೊರಗೆ ಹೋದ. ಹೋಗುವಾಗ ಸಾಲಿನಲ್ಲಿದ್ದವರು, "ಪಾಪ, ಬೆನ್ನುನೋವಿನವನು, ಭಾರ ಹೊತ್ತಿದಾನೆ," ಎಂದು ಅವನಿಗೆ ಮೊದಲು ಜಾಗ ಬಿಟ್ಟುಕೊಟ್ಟರು. ಅವನು ಎರಡು ನಿಮಿಷ ಕಿರಣವನ್ನೂ ತಗೊಂಡು ಹೋದನಂತೆ.

ದೋನ್ ಕ್ಲಿಮಾಕೊ ಅರ್ಧ ಬೆಂದ ಅನ್ನದ ಪಾತ್ರೆ ಹಿಡಿದುಕೊಂಡೇ ಅಧ್ಯಕ್ಷರ ಮನೆಗೆ ಬಂದರು.

"ಮೊದಲು ಕೇಕು, ಈಗ ಸಿಲಿಂಡರ್ರು! ದೋನ್ ಎರಿಬೆರ್ತೊ, ಇದು ಗೇಟೋ ಧರ್ಮಾಸ್ಪತ್ರೆಯೋ? ಭಾನುವಾರ ಸಭೆ ಕರೆದಿದೀನಿ. ಹದಿನಾಲ್ಕು ಮನೆಯವರು ಸಹಿ ಹಾಕಿದಾರೆ. ನಿಮ್ಮನ್ನ ಅಧ್ಯಕ್ಷ ಸ್ಥಾನದಿಂದ ಇಳಿಸ್ತೀವಿ!"

"ಹದಿನಾಲ್ಕು ಮನೆಯವರೂ ಬೆಳಿಗ್ಗೆ ಸಾಲಲ್ಲಿ ನಿಲ್ತಾರಲ್ಲ!"

"ಅದು ಬೇರೆ, ಇದು ಬೇರೆ! ಮಂಡಿ ಮಂಡಿಯ ಜಾಗದಲ್ಲಿ, ಸಿಲಿಂಡರ್ ಸಿಲಿಂಡರಿನ ಜಾಗದಲ್ಲಿ!"

ಅದೇ ದಿನ ಮಧ್ಯಾಹ್ನ ಇನ್ನೊಂದು ಪೆಟ್ಟು ಬಿತ್ತು. ವಲಯ ಆರೋಗ್ಯ ಕಚೇರಿಯಿಂದ ಒಂದು ನೋಟೀಸು. ದೋನ್ ಎರಿಬೆರ್ತೊ ಕಿಮಿ ಎಂಬುವರು ಪರವಾನಗಿಯಿಲ್ಲದೆ ಸಾರ್ವಜನಿಕ ಗೇಟಿನಲ್ಲಿ ಕಿರಣ ಚಿಕಿತ್ಸೆ ನಡೆಸುತ್ತಿರುವುದು ಗಮನಕ್ಕೆ ಬಂದಿದೆ. ಭಾನುವಾರ ಹತ್ತು ಗಂಟೆಗೆ ಪರಿಶೀಲನೆ. ಕೆಳಗೆ ಇನ್ಸ್‌ಪೆಕ್ಟರ್ ಒಫೆಲಿಯಾ ವಿಯಾವೊ ಎಂಬ ಸಹಿ. ಪಕ್ಕದಲ್ಲಿ ಮೊಹರು. ಮೂವತ್ತೊಂದು ವರ್ಷ ಮೊಹರು ಒತ್ತಿದ ದೋನ್ ಎರಿಬೆರ್ತೊ ಅವರಿಗೆ, ಮೊಹರು ಬಿದ್ದ ಕಾಗದವನ್ನು ಕೈಗೆ ತೆಗೆದುಕೊಳ್ಳುವವರ ಪಾಡು ಏನೆಂದು ಅಂದು ತಿಳಿಯಿತು.

ಅವರು ನಿಕ್ಸನ್‌ಗೆ ಫೋನು ಮಾಡಿದರು. ನಿಕ್ಸನ್ ಬಂದವನು ಸಾಲನ್ನು ನೋಡಿದ, ಇಟ್ಟಿಗೆಯ ಮೇಲೆ ಗಲ್ಲವಿಟ್ಟು ಮಲಗಿದ್ದ ಹೊಸ ಹಲ್ಲುನೋವಿನವನನ್ನು ನೋಡಿದ, ಅಲ್ಲೇ ಮೋಟಾರ್ ಸೈಕಲ್ ಮೇಲೆ ತಲೆ ಇಟ್ಟು ನಗತೊಡಗಿದ.

"ದೋನ್ ಎರಿಬೆರ್ತೊ! ಟೀವಿ ರಿಮೋಟಿಂದ ಬರುತ್ತಲ್ಲ, ಅದೇ ಬೆಳಕು ಇದು! ಇದ್ರಿಂದ ಮಂಡಿ ವಾಸಿ ಆಗೋದಾದ್ರೆ ದಿನಾ ಚಾನೆಲ್ ಬದಲಾಯಿಸೋರು ಯಾರೂ ಕುಂಟಬಾರದು!"

"ಮೆಲ್ಲಗೆ ಮಾತಾಡಪ್ಪ," ಎಂದರು ದೋನ್ ಎರಿಬೆರ್ತೊ ಬೆವರೊರೆಸಿಕೊಂಡು. "ಅದು ನನಗೆ ಮೊದಲಿಂದ್ಲೂ ಗೊತ್ತು."

"ಗೊತ್ತಿದ್ರೆ ಹೇಳಿ ಮತ್ತೆ!"

ಹೇಳಿದರು. ಅಂದು ಸಂಜೆಯೇ ಸಾಲಿನ ಮುಂದೆ ನಿಂತು, ಇದು ಬರೀ ರಿಮೋಟಿನ ಬೆಳಕು, ಇದರಿಂದ ಏನೂ ಆಗುವುದಿಲ್ಲ ಎಂದರು. ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ದೋನ್ಯಾ ಮೆಲಾನಿಯಾ ಎದ್ದರು. ಈಗ ಅವರಿಗೆ ಕೋಲು ಬೇಕಿರಲಿಲ್ಲ. ಬೇರೆಯವರತ್ತ ತೋರಿಸಲು ಮಾತ್ರ ಅದನ್ನು ಹಿಡಿದಿದ್ದರು. ಕೋಲನ್ನು ಅಧ್ಯಕ್ಷರ ಎದೆಯತ್ತ ಹಿಡಿದರು.

"ಯಾರು ಹೆದರ್ಸಿದ್ರು ನಿಮ್ಮನ್ನ? ಔಷಧಿ ಅಂಗಡಿಯೋರಾ? ನಿಜ ಹೇಳಿ ದೋನ್!"

"ಯಾರೂ ಹೆದರ್ಸಿಲ್ಲ ದೋನ್ಯಾ, ನಿಜವಾಗ್ಲೂ ಇದ್ರಲ್ಲಿ ಏನೂ ಇಲ್ಲ!"

"ಪಾಪ, ಬಾಯಿ ಕಟ್ಟಿಹಾಕಿದಾರೆ," ಎಂದರು ಸಾಲಿನವರು. ಮರುದಿನ ಸಾಲು ಇಮ್ಮಡಿಯಾಯಿತು.

ಎರಡು ದಿನ ದೋನ್ ಎರಿಬೆರ್ತೊ ಊಟ ಸೇರದೆ ಓಡಾಡಿದರು. ಸತ್ಯ ಹೇಳಿದರೆ ನಂಬುವುದಿಲ್ಲ, ಹೇಳದಿದ್ದರೆ ಇನ್ಸ್‌ಪೆಕ್ಟರು ಬಿಡುವುದಿಲ್ಲ. ಶನಿವಾರ ಮಧ್ಯಾಹ್ನ ಒಂದು ಉಪಾಯ ಹೊಳೆಯಿತು. ಅದು ಎಷ್ಟು ಚೆನ್ನಾಗಿತ್ತೆಂದರೆ ಅವರು ಕೂತಲ್ಲೇ ಚಪ್ಪಾಳೆ ತಟ್ಟಿದರು. ಕಣ್ಣನ್ನು ಯಾರಿಗೂ ಹೇಳದೆ ಆರಿಸಿಬಿಡುವುದು. ಭಾನುವಾರ ಎಲ್ಲರೆದುರು, ಇನ್ಸ್‌ಪೆಕ್ಟರ್ ಎದುರು, ದೋನ್ಯಾ ಮೆಲಾನಿಯಾ ಹೋಗಿ ನಿಲ್ಲಲಿ. "ಹೇಗಿದೆ ಮಂಡಿ?" ಎಂದು ಕೇಳುವುದು. "ಅದ್ಭುತ!" ಎನ್ನುತ್ತಾರೆ. ಆಗ ಕೈಯೆತ್ತಿ, "ಮಹಾಜನರೇ, ಕಣ್ಣು ನಿನ್ನೆಯಿಂದ ಆರಿದೆ!" ಎನ್ನುವುದು. ಅಲ್ಲಿಗೆ ಮಂಡಿಯ ಕತೆ ಮುಗಿಯಿತು, ನೋಟೀಸಿನ ಕತೆ ಮುಗಿಯಿತು, ದೋನ್ ಕ್ಲಿಮಾಕೊ ಕತೆಯೂ ಮುಗಿಯಿತು.

"ಬೇಡ ದೋನ್," ಎಂದ ನಿಕ್ಸನ್ ಫೋನಿನಲ್ಲಿ. "ಮೋಟಾರಿನ ಪೆಟ್ಟಿಗೇಲಿ ಎರಡು ತಿರುಪಿನ ನಡುವೆ ಒಂದು ತುಂಡು ತಂತಿ ಹಾಕಿದ್ರೆ ಕಣ್ಣು ಇಲ್ಲದ ಹಾಗೇ ಲೆಕ್ಕ. ಆದ್ರೆ ಕಣ್ಣಿಲ್ದೆ ಗೇಟನ್ನ ಬಿಡಬಾರದು. ನಾನಂತೂ ಮಾಡಲ್ಲ."

"ನೀನು ಮಾಡ್ಬೇಡ," ಎಂದರು ದೋನ್ ಎರಿಬೆರ್ತೊ. ಯಾವ ಎರಡು ತಿರುಪು ಎಂದು ಮಾತ್ರ ಸುತ್ತಿ ಬಳಸಿ ಕೇಳಿ ತಿಳಿದುಕೊಂಡರು. ಭಾನುವಾರ ಬೆಳಿಗ್ಗೆ, ವಾಷಿಂಗ್ಟನ್ ಕಾಫಿಗೆ ಹೋದ ಹೊತ್ತಿನಲ್ಲಿ ಹೆಂಡತಿಯ ತಲೆಗೂದಲಿನ ಪಿನ್ನೊಂದನ್ನು ನೆಟ್ಟಗೆ ಮಾಡಿ ತಾವೇ ಸಿಕ್ಕಿಸಿ ಬಂದರು.

ಪರಿಶೀಲನೆಗೆ ಮುಂಚೆ ಯಾರೂ ಕಿರಣಕ್ಕೆ ನಿಲ್ಲಬಾರದೆಂದು ಅಧ್ಯಕ್ಷರ ಅಪ್ಪಣೆಯಾಗಿತ್ತು, ರಾತ್ರಿ ಮುಚ್ಚಿದ ಗೇಟು ಮುಚ್ಚಿಯೇ ಇತ್ತು. ಹತ್ತು ಗಂಟೆಗೆ ಅದರ ಮುಂದೆ ಕಾಲಿಡಲು ಜಾಗವಿರಲಿಲ್ಲ. ಇಪ್ಪತ್ತೆರಡು ಮನೆಯವರು ಒಳಗೆ, ಮಂಡಿಯವರು ಬೆನ್ನಿನವರು ಹೊರಗೆ, ಫುಟ್‌ಬಾಲ್ ತಂಡ ಗೋಡೆಯ ಮೇಲೆ. ದೋನ್ ಕ್ಲಿಮಾಕೊ ಹದಿನಾಲ್ಕು ಸಹಿಯ ಕಾಗದ ಹಿಡಿದು ನಿಂತಿದ್ದರು. ಇನ್ಸ್‌ಪೆಕ್ಟರ್ ಒಫೆಲಿಯಾ ವಿಯಾವೊ ತೆಳ್ಳಗೆ ಎತ್ತರವಾಗಿದ್ದ ಹೆಂಗಸು. ಒಂದು ಭುಜವನ್ನು ಸ್ವಲ್ಪ ಮೇಲೆತ್ತಿಕೊಂಡೇ ನಡೆಯುತ್ತಿದ್ದರು. ಕೈಯಲ್ಲಿ ನಮೂನೆಯ ಕಾಗದ.

"ಚಿಕಿತ್ಸೆಯ ಉಪಕರಣ?" ಎಂದು ಕೇಳಿದರು.

"ಗೇಟು," ಎಂದ ವಾಷಿಂಗ್ಟನ್.

ಇನ್ಸ್‌ಪೆಕ್ಟರು ಬರೆದುಕೊಂಡರು. "ಚಿಕಿತ್ಸೆ ನೀಡುವವರು?"

"ಗೇಟೇ."

"ಅರ್ಹತೆ?"

ವಾಷಿಂಗ್ಟನ್ ಯೋಚಿಸಿದ. "ಹಳಿಗೆ ಹೋದ ತಿಂಗಳು ಎಣ್ಣೆ ಹಾಕ್ಸಿದೀವಿ ಮೇಡಂ."

ದೋನ್ ಎರಿಬೆರ್ತೊ ಎರಡು ಕೈಯನ್ನೂ ಮೇಲೆತ್ತಿದರು. "ಇನ್ಸ್‌ಪೆಕ್ಟರ್ ಮೇಡಂ! ಮಹಾಜನರೇ! ಇವತ್ತು ನಿಮ್ಮೆಲ್ಲರ ಕಣ್ಣೆದುರಿಗೇ ಪ್ರಯೋಗ ಮಾಡಿ ಸತ್ಯ ತೋರಿಸ್ತೀನಿ. ವಾಷಿಂಗ್ಟನ್, ಗೇಟು ತೆಗಿ! ದೋನ್ಯಾ ಮೆಲಾನಿಯಾ, ದಯಮಾಡಿಸಿ!"

ಗೇಟು ಗಡಗಡನೆ ತೆರೆಯಿತು. ದೋನ್ಯಾ ಮೆಲಾನಿಯಾ ಹೊಸ ನೀಲಿ ಲಂಗದಲ್ಲಿ ಬಂದು ಎರಡು ಕಂಬಗಳ ನಡುವೆ ನಿಂತು ಕಣ್ಣು ಮುಚ್ಚಿಕೊಂಡರು. ದೋನ್ ಎರಿಬೆರ್ತೊ ಭಾಷಣ ಶುರುಮಾಡಿದರು.

ಇಲ್ಲೊಂದು ಸಣ್ಣ ವಿಷಯ ಅವರ ಲೆಕ್ಕದಿಂದ ಜಾರಿಹೋಗಿತ್ತು. ಎರಡು ವಾರದಿಂದ ಹಗಲು ಹೊತ್ತು ತೆರೆದ ಆ ಗೇಟು ಪೂರ್ತಿ ಮುಚ್ಚಿಕೊಳ್ಳುವುದನ್ನು ಯಾರೂ ಕಂಡಿರಲಿಲ್ಲ. ಯಾವುದೋ ಒಂದು ಮಂಡಿ ಸದಾ ಅಡ್ಡ ಇದ್ದೇ ಇರುತ್ತಿತ್ತು. ಅದು ಅರ್ಧ ನಿಮಿಷಕ್ಕೆ ತಾನಾಗಿ ಮುಚ್ಚುವ ಗೇಟು ಎಂಬುದನ್ನೇ ಅಧ್ಯಕ್ಷರು ಮರೆತಿದ್ದರು. ಗೇಟು ಮರೆತಿರಲಿಲ್ಲ. ಮತ್ತು ದೋನ್ ಎರಿಬೆರ್ತೊ ಅವರ ಯಾವ ಭಾಷಣವೂ ಇದುವರೆಗೆ ಅರ್ಧ ನಿಮಿಷದಲ್ಲಿ ಮುಗಿದದ್ದಿಲ್ಲ.

"...ನಾಗರಿಕತೆ ಹುಟ್ಟಿದಾಗಿಂದ ಮನುಷ್ಯನಿಗೂ ಬಾಗಿಲಿಗೂ ಇರುವ ಸಂಬಂಧ..." ಎನ್ನುವಷ್ಟರಲ್ಲಿ ಕಬ್ಬಿಣ ಹಳಿಯ ಮೇಲೆ ಗುರ್ರೆಂದಿತು.

ಜನರಿಗೆ ಗಾಬರಿಯಾಗಲಿಲ್ಲ. ಗೇಟು ಹೊರಡುವುದು, ದೋನ್ಯಾ ಮೆಲಾನಿಯಾ ಅವರನ್ನು ಕಂಡು ಹಿಂದೆ ಸರಿಯುವುದು ದಿನಾ ನೋಡಿದ್ದೇ. ದೋನ್ಯಾ ಮೆಲಾನಿಯಾ ಕಣ್ಣನ್ನೂ ತೆರೆಯಲಿಲ್ಲ. ಇಡೀ ಗುಂಪಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು, ಇವತ್ತು ಗೇಟು ಕುರುಡು ಎಂದು.

"ನಿಲ್ಲಲ್ಲ! ಅದು ನಿಲ್ಲಲ್ಲ!" ಎಂದು ಕೂಗುತ್ತ ದೋನ್ ಎರಿಬೆರ್ತೊ ಹಾರಿದರು. ತೊಂಬತ್ತೆರಡು ಕಿಲೊ ತೂಕದ, ಮೂವತ್ತೊಂದು ವರ್ಷ ಕುರ್ಚಿ ಬಿಟ್ಟೇಳದ ಮನುಷ್ಯ ಹಾಗೆ ಹಾರಬಲ್ಲರೆಂದು ಸ್ವತಃ ಅವರ ಹೆಂಡತಿಗೂ ತಿಳಿದಿರಲಿಲ್ಲ. ದೋನ್ಯಾ ಮೆಲಾನಿಯಾ ಅವರನ್ನು ಎರಡು ಕೈಯಲ್ಲಿ ಒಳಕ್ಕೆ ತಳ್ಳಿದರು. ತಾವು ಆಚೆ ದಾಟಲು ಅರ್ಧ ಹೆಜ್ಜೆ ಸಾಲದೆ ಹೋಯಿತು. ಗೇಟು ಬಂದು ಅವರ ಎಡಸೊಂಟ ಹಿಡಿದು ಬಲಸೊಂಟವನ್ನು ಕಂಬಕ್ಕೆ ಒತ್ತಿತು. ಗೇಟಿನ ಅಧ್ಯಕ್ಷರು ಗೇಟಿನಲ್ಲೇ ಸಿಕ್ಕಿಕೊಂಡರು.

"ತೆಗೀರೋ! ತೆಗೀರೋ!"

"ರಿಮೋಟು! ವಾಷಿಂಗ್ಟನ್, ರಿಮೋಟು!"

ಗೇಟು ಮುಚ್ಚುತ್ತಿರುವಾಗ ಆ ರಿಮೋಟನ್ನು ಒಮ್ಮೆ ಒತ್ತಿದರೆ ನಿಲ್ಲುತ್ತದೆ, ಎರಡನೇ ಸಲಕ್ಕೆ ತೆರೆಯುತ್ತದೆ, ಮೂರನೇ ಸಲಕ್ಕೆ ಮತ್ತೆ ಮುಚ್ಚುತ್ತದೆ. ಗಾಬರಿಯಲ್ಲಿ ವಾಷಿಂಗ್ಟನ್ ಮೂರು ಮೂರು ಸಲವೇ ಒತ್ತುತ್ತಿದ್ದ. ಗೇಟು ನಿಂತು, ತುಸು ಉಸಿರಾಡಲು ಬಿಟ್ಟು, ಮತ್ತೆ ಬಂದು ಅಪ್ಪಿಕೊಳ್ಳುತ್ತಿತ್ತು. ಪ್ರತಿ ಅಪ್ಪುಗೆಗೂ ದೋನ್ ಎರಿಬೆರ್ತೊ ಬಾಯಿಂದ ಒಂದೊಂದು ಸಂತರ ಹೆಸರು ಹೊರಬರುತ್ತಿತ್ತು. ಫುಟ್‌ಬಾಲ್ ತಂಡ ಗೋಡೆಯಿಂದ ಧುಮುಕಿ ಗೇಟನ್ನು ಹಿಡಿದೆಳೆಯಿತು, ಆರು ಜನ ಒಂದು ಕಡೆಗೆ, ಐದು ಜನ ಇನ್ನೊಂದು ಕಡೆಗೆ. ದೋನ್ಯಾ ಅಸುಸೇನಾ, "ಸಾಯಿಸ್ಬೇಡ್ರೋ ನನ್ನ ಗಂಡನ್ನ!" ಎಂದು ವಾಷಿಂಗ್ಟನ್ ಬೆನ್ನಿಗೆ ಗುದ್ದುತ್ತಿದ್ದರು. ಪ್ರತಿ ಗುದ್ದಿಗೆ ಅವನ ಬೆರಳು ಇನ್ನೊಂದು ಸಲ ಒತ್ತುತ್ತಿತ್ತು. ದೋನ್ ಕ್ಲಿಮಾಕೊ ಕೂಡ ಹದಿನಾಲ್ಕು ಸಹಿಯ ಕಾಗದವನ್ನು ಗೇಟಿಗೂ ಅಧ್ಯಕ್ಷರ ಹೊಟ್ಟೆಗೂ ನಡುವೆ ಮೆತ್ತೆಯಂತೆ ತುರುಕಲು ನೋಡಿದರು.

ಆಗ ಜನರ ನಡುವಿನಿಂದ ನೀಲಿ ಲಂಗವೊಂದು ಹೊರಟಿತು. ಎರಡೂ ಕೈಯಲ್ಲಿ ಲಂಗ ಹಿಡಿದೆತ್ತಿ, ಬೆಳ್ಳಿ ಕೂದಲು ಕೆದರಿ, ದೋನ್ಯಾ ಮೆಲಾನಿಯಾ ಓಡಿದರು. ನಡೆಯಲಿಲ್ಲ, ಓಡಿದರು. ಗೇಟಿನಿಂದ ಕಾವಲು ಗೂಡಿಗೆ ನಲವತ್ತು ಹೆಜ್ಜೆ. ಎಳನೀರಿನ ರಾಶಿಯೊಂದನ್ನು ಹಾರಿ, ಮಲಗಿದ್ದ ನಾಯಿಯೊಂದನ್ನು ದಾಟಿ, ಗೂಡಿನೊಳಗೆ ನುಗ್ಗಿ, ವಿದ್ಯುತ್ತಿನ ಹಿಡಿಕೆಯನ್ನು ಎಳೆದು ಕೆಳಗಿಳಿಸಿದರು.

ಮೋಟಾರು ನಿಂತಿತು. ಫುಟ್‌ಬಾಲ್ ತಂಡ ಈಗ ಒಮ್ಮತಕ್ಕೆ ಬಂದು ಗೇಟು ಸರಿಸಿತು. ದೋನ್ ಎರಿಬೆರ್ತೊ ಮೆಲ್ಲಗೆ ಕಂಬದ ಬುಡಕ್ಕೆ ಜಾರಿ ಕೂತರು. ಮೂಳೆ ಮುರಿದಿರಲಿಲ್ಲ, ಎರಡೂ ಪಕ್ಕದಲ್ಲಿದ್ದ ಧಾರಾಳ ಮಾಂಸ ಅವರನ್ನು ಉಳಿಸಿತ್ತು. ಆದರೆ ಅವರ ಕಡೆ ಯಾರೂ ನೋಡುತ್ತಿರಲಿಲ್ಲ. ಗಂಡನ ತಲೆಯನ್ನು ಎದೆಗೆ ಒತ್ತಿಕೊಂಡಿದ್ದ ದೋನ್ಯಾ ಅಸುಸೇನಾ ಒಬ್ಬರನ್ನು ಬಿಟ್ಟು ಇನ್ನೂರು ಜನ ಬಾಯಿ ತೆರೆದು ಕಾವಲು ಗೂಡಿನತ್ತ ನೋಡುತ್ತಿದ್ದರು.

"ಓಡಿದ್ರು," ಎಂದ ವಾಷಿಂಗ್ಟನ್.

"ಹಾರಿದ್ರು ಕಣ್ರೀ! ಎಳನೀರು ಹಾರಿದ್ರು!" ಎಂದ ಎಳನೀರಿನವನು.

ದೋನ್ಯಾ ಮೆಲಾನಿಯಾ ತಮ್ಮ ಕಾಲುಗಳನ್ನು ತಾವೇ ಬಗ್ಗಿ ನೋಡಿಕೊಂಡರು. "ಆರು ವರ್ಷ," ಎಂದರು. "ಆರು ವರ್ಷ ಮನೆ ಮೆಟ್ಟಿಲು ಇಳಿಯೋಕೆ ಅಳ್ತಿದ್ದೆ ನಾನು."

ಚಪ್ಪಾಳೆ, ಶಿಳ್ಳೆ. ಬ್ರೆಡ್ಡಿನವಳು ಅತ್ತಳು. ಆ ಗದ್ದಲದಲ್ಲಿ ನೆಲದಿಂದ ಒಂದು ಬಡಪಾಯಿ ಧ್ವನಿ ಎದ್ದಿತು.

"ಆರಿತ್ತು! ಮಹಾಜನರೇ, ಕಣ್ಣು ಆರಿತ್ತು! ಬೆಳಿಗ್ಗೆ ನಾನೇ ಆರ್ಸಿದ್ದೆ! ಮೋಟಾರಿನ ಪೆಟ್ಟಿಗೇಲಿ ಪಿನ್ನಿದೆ, ನೋಡ್ಕೊಳ್ಳಿ! ಇವತ್ತು ಒಂದು ಚೂರೂ ಕಿರಣ ಇರ್ಲಿಲ್ಲ!"

ಇನ್ಸ್‌ಪೆಕ್ಟರು ಹೋಗಿ ಪೆಟ್ಟಿಗೆ ತೆರೆಸಿದರು. ಪಿನ್ನು ಸಿಕ್ಕಿತು. ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ದೋನ್ ಎರಿಬೆರ್ತೊ ನೋವಿನಲ್ಲೂ ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟರು. ಕೊನೆಗೂ ಸತ್ಯ ಹೊರಬಿತ್ತು.

ದೋನ್ಯಾ ಮೆಲಾನಿಯಾ ಪಿನ್ನನ್ನು ನೋಡಿದರು, ಕಂಬದ ಮೇಲಿದ್ದ ಕಪ್ಪು ಡಬ್ಬಿಯನ್ನು ನೋಡಿದರು, ತಮ್ಮ ಮಂಡಿ ನೋಡಿಕೊಂಡರು.

"ಆರಿದ್ದಾಗ್ಲೇ ಇಷ್ಟು ಓಡ್ಸಿತಾ?" ಎಂದರು ಮೆಲ್ಲಗೆ.

ಆಮೇಲೆ ನಡೆದ ಕೋಲಾಹಲವನ್ನು ವರ್ಣಿಸಿ ಫಲವಿಲ್ಲ. ಹಲ್ಲುನೋವಿನವರು ಕಂಬವನ್ನೇ ತಬ್ಬಿಕೊಂಡರು. ಸಭೆ ನಡೆಯಲಿಲ್ಲ, ಹದಿನಾಲ್ಕು ಸಹಿಯ ಕಾಗದ ಗ್ರೀಸಿನಲ್ಲಿ ಅದ್ದಿಹೋಗಿತ್ತು. ಮುದುಕಿಯೊಬ್ಬರಿಗಾಗಿ ಗೇಟಿನ ಬಾಯಿಗೆ ಬಿದ್ದ ಅಧ್ಯಕ್ಷರನ್ನು ಇಳಿಸೋಣ ಎನ್ನಲು ದೋನ್ ಕ್ಲಿಮಾಕೊ ಅವರಿಗೂ ಬಾಯಿ ಬರಲಿಲ್ಲ. ಅವರೇ ಒಂದು ತೋಳಿಗೆ ಹೆಗಲು ಕೊಟ್ಟು ದೋನ್ ಎರಿಬೆರ್ತೊ ಅವರನ್ನು ಮನೆಗೆ ಮುಟ್ಟಿಸಿದರು. ಪಿನ್ನಿನ ವಿಷಯದಲ್ಲಿ ದೋನ್ಯಾ ಅಸುಸೇನಾ ಗಂಡನಿಗೆ ಮುಲಾಮು ಹಚ್ಚುತ್ತ ಏನೇನು ಹೇಳಿದರೆಂಬುದು ಮೂರು ಮನೆಗಳಿಗೆ ಕೇಳಿಸಿತು.

ದಾರಿ ತೋರಿಸಿದವನು ನಿಕ್ಸನ್. ಮಂಗಳವಾರ ಬಂದು ಮೊದಲು ಅಧ್ಯಕ್ಷರನ್ನು ಬೈದ, ಆಮೇಲೆ ಕಣ್ಣನ್ನು ಮತ್ತೆ ಗೇಟಿಗೆ ಜೋಡಿಸಿದ, ಆಮೇಲೆ ತಲೆ ಕೆರೆದುಕೊಂಡು ಹೇಳಿದ:

"ಆರಿದ್ದಾಗ್ಲೂ ಕೆಲಸ ಮಾಡುತ್ತೆ ಅಂತ ಇವರೇ ಅಂತಾರಲ್ಲ ದೋನ್. ನನ್ನ ಅಂಗಡೀಲಿ ಸುಟ್ಟುಹೋಗಿರೋ ಕಣ್ಣುಗಳು ಒಂದು ಬುಟ್ಟಿ ಇವೆ. ಹೊರಗಿನ ಗೋಡೆಗೆ ಒಂದು ಜೊತೆ ಹಾಕ್ಬಿಡ್ಲಾ?"

ಹಾಕಿದ. ಗೇಟಿನಿಂದ ಇಪ್ಪತ್ತು ಹೆಜ್ಜೆ ದೂರ, ಬಾದಾಮಿ ಮರದ ನೆರಳಿನಲ್ಲಿ, ಯಾವ ತಂತಿಗೂ ಜೋಡಿಸದ ಮೂರು ಜೊತೆ ಕಪ್ಪು ಡಬ್ಬಿ, ನಡುವೆ ಒಂದು ಸಿಮೆಂಟು ಬೆಂಚು. ಒಂದು ಜೊತೆ ಮಂಡಿಗೆ, ಅದರ ಮೇಲೆ ಬೆನ್ನಿಗೆ, ಇನ್ನೂ ಮೇಲೆ ಹಲ್ಲಿಗೆ. ಇನ್ಸ್‌ಪೆಕ್ಟರ್ ಒಫೆಲಿಯಾ ಮತ್ತೊಮ್ಮೆ ಪರಿಶೀಲನೆಗೆ ಬಂದು, ಗೋಡೆಯ ಪಕ್ಕ ಬೆಂಚಿನ ಮೇಲೆ ಕೂರುವುದಕ್ಕೆ ಯಾವ ಕಾನೂನಿನಲ್ಲೂ ಪರವಾನಗಿ ಬೇಕಿಲ್ಲವೆಂದು ವರದಿ ಬರೆದರು. ಆ ವರದಿ ಬರೆಯಲು ಅವರಿಗೆ ನಾಲ್ಕು ದಿನ ಹಿಡಿಯಿತು. ನಾಲ್ಕೂ ದಿನ ಬೆಂಚಿನ ಮೇಲೆ, ಎತ್ತಿದ ಭುಜ ಗೋಡೆಯ ಕಡೆ ಮಾಡಿಕೊಂಡು, ಕೂತೇ ಬರೆದರು. ಗೇಟು ಮೊದಲಿನಂತೆ ತೆರೆಯಿತು, ಮುಚ್ಚಿತು, ನಡುವೆ ಯಾರಾದರೂ ಬಂದರೆ ನೋಡಿ ನಿಂತಿತು.

ಒಂಬತ್ತನೆಯ ದಿನ ದೋನ್ ಎರಿಬೆರ್ತೊ ಸೊಂಟಕ್ಕೆ ಪಟ್ಟಿ ಸುತ್ತಿಕೊಂಡು, ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಬೆಳಗಿನ ತಂಪು ಹೊತ್ತು. ಬ್ರೆಡ್ಡಿನವಳ ಒಲೆ ಆಗತಾನೆ ಹೊತ್ತಿತ್ತು. ಬೆಂಚಿನ ಮೇಲೆ ದೋನ್ಯಾ ಮೆಲಾನಿಯಾ ಒಬ್ಬರೇ ಇದ್ದರು.

"ಬನ್ನಿ ದೋನ್, ಕೂತ್ಕೊಳ್ಳಿ."

"ಇಲ್ಲ, ಸುಮ್ನೆ ಪರೀಕ್ಷೆ ಮಾಡೋಕೆ ಬಂದೆ. ತಿರುಪು ಗಟ್ಟಿ ಇದೆಯಾ ಅಂತ."

"ಕೂತೇ ಪರೀಕ್ಷೆ ಮಾಡಿ."

ದೋನ್ ಎರಿಬೆರ್ತೊ ರಸ್ತೆಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಗೂಡಿನಲ್ಲಿ ವಾಷಿಂಗ್ಟನ್ ಬೇರೆ ಯಾವುದನ್ನೋ ಬಹಳ ಶ್ರದ್ಧೆಯಿಂದ ನೋಡುತ್ತಿದ್ದ. ಅಧ್ಯಕ್ಷರು ಹಲ್ಲು ಕಚ್ಚಿಕೊಂಡು ಮೆಲ್ಲಗೆ ಕೂತರು.

"ಸ್ವಲ್ಪ ಎಡಕ್ಕೆ ಸರೀರಿ ದೋನ್," ಎಂದರು ದೋನ್ಯಾ ಮೆಲಾನಿಯಾ. "ಸೊಂಟ ಬಿಟ್ಟು ಕಿರಣ ಎಲ್ಲಾ ನಿಮ್ಮ ಜೇಬಿನ ಪರ್ಸಿಗೆ ಬೀಳ್ತಿದೆ."

ದೋನ್ ಎರಿಬೆರ್ತೊ ಎಡಕ್ಕೆ ಸರಿದು ಕೂತರು.